ಒಂದೇ ದ್ರಾಕ್ಷಿ, ಬೇರೆ ಬೇರೆ ನೆಲ: ಕೆಂಪು ವೈನ್‌ಗಳನ್ನು ಹೋಲಿಸಿ ರುಚಿ ನೋಡುವ ಬಗೆ

ಫ್ರಾನ್ಸ್‌ನ ಉತ್ತರ ರೋನ್ ಕಣಿವೆಯ ಒಂದು ಸಿರಾ, ಆಸ್ಟ್ರೇಲಿಯಾದ ಬರೋಸಾ ಕಣಿವೆಯ ಒಂದು ಶಿರಾಜ್. ಹೆಸರು ಎರಡು, ದ್ರಾಕ್ಷಿ ಒಂದೇ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಕರಿಮೆಣಸು, ಹೊಗೆ, ಚುರುಕಾದ ಹುಳಿ ಎದ್ದು ಕಾಣುತ್ತವೆ. ಎರಡನೆಯದರಲ್ಲಿ ಚೆನ್ನಾಗಿ ಕಳಿತ ಕಪ್ಪು ಹಣ್ಣು, ಚಾಕೊಲೇಟ್, ಗಂಟಲು ಬೆಚ್ಚಗೆ ಮಾಡುವ ಆಲ್ಕೋಹಾಲ್. ಎರಡನ್ನೂ ಒಂದೊಂದು ಗುಟುಕು ಕುಡಿದವರು ತಕ್ಷಣ "ಇದು ಆ ಮಣ್ಣಿನ ಗುಣ" ಅಂದುಬಿಡುತ್ತಾರೆ.

ಅಷ್ಟು ಬೇಗ ಹಾಗನ್ನಬೇಡಿ. ಆ ಎರಡು ಬಾಟಲಿಗಳ ನಡುವೆ ಬೇರೆಯಾಗಿರುವುದು ಪ್ರದೇಶ ಒಂದೇ ಅಲ್ಲ. ವರ್ಷ ಬೇರೆ ಇರಬಹುದು. ಪೀಪಾಯಿಯ ಮರ ಬೇರೆ ಇರಬಹುದು. ಯಾವತ್ತು ಕೊಯ್ಯಬೇಕು ಎಂದು ತೀರ್ಮಾನಿಸಿದ ಮನುಷ್ಯನಂತೂ ಖಂಡಿತ ಬೇರೆ. ಸಾಲದ್ದಕ್ಕೆ ಒಂದು ಬಾಟಲಿ 22 ಡಿಗ್ರಿಯಲ್ಲಿ, ಇನ್ನೊಂದು 15 ಡಿಗ್ರಿಯಲ್ಲಿ ಗ್ಲಾಸಿಗೆ ಬಿದ್ದರೆ, ವ್ಯತ್ಯಾಸದ ಒಂದು ಪಾಲು ಫ್ರಿಜ್ಜಿನದ್ದು. ಪ್ರದೇಶದ ಗುಣ ನಿಜವಾಗಿಯೂ ಇದೆ, ಅದನ್ನು ನಾಲಿಗೆಯಲ್ಲಿ ಹಿಡಿಯಲೂಬಹುದು. ಆದರೆ ಅದರ ಹೆಸರು ಹೇಳುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೊದಲು ಉಳಿದ ಕಾರಣಗಳನ್ನು ಒಂದೊಂದಾಗಿ ಬದಿಗೆ ಸರಿಸಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇರುವುದು.

ಬೇಕಾಗುವುದು ಇಷ್ಟು: ಒಂದೇ ದ್ರಾಕ್ಷಿಯ ಮೂರು ವೈನ್, ತಲೆಗೆ ನಾಲ್ಕು ಒಂದೇ ಥರದ ಗ್ಲಾಸ್, ಬಾಟಲಿ ಮರೆಮಾಡಲು ಕಾಗದದ ಚೀಲ, ಬರೆಯಲು ಹಾಳೆ, ಮತ್ತು ಗುಟ್ಟು ಬಿಡದ ಒಬ್ಬ ಸಹಾಯಕ.

1. ದ್ರಾಕ್ಷಿ ಆರಿಸುವುದು

ಎಲ್ಲ ತಳಿಗಳೂ ಈ ಆಟಕ್ಕೆ ಒಗ್ಗುವುದಿಲ್ಲ. ಹಲವು ದೇಶಗಳಲ್ಲಿ ಬೆಳೆದಿರಬೇಕು, ಬೇರೆ ದ್ರಾಕ್ಷಿ ಬೆರೆಸದೆ ಬಾಟಲಿಗೆ ತುಂಬುವ ರೂಢಿ ಇರಬೇಕು, ಹವಾಮಾನ ಬದಲಾದರೆ ರುಚಿಯೂ ಎದ್ದು ಕಾಣುವಷ್ಟು ಬದಲಾಗಬೇಕು. ನನ್ನ ಮಟ್ಟಿಗೆ ಮೊದಲ ಸಲಕ್ಕೆ ಸಿರಾಗಿಂತ ಒಳ್ಳೆಯದು ಇಲ್ಲ. ತಂಪು ಜಾಗದ ಸಿರಾಕ್ಕೂ ಬಿಸಿ ಜಾಗದ ಸಿರಾಕ್ಕೂ ಇರುವ ಅಂತರ ಹೊಸಬರಿಗೂ ತಿಳಿಯುತ್ತದೆ.

ಸಿರಾದ ಮೂಲ ಎಲ್ಲಿಯದು ಎಂಬ ಬಗ್ಗೆ ಬಹುಕಾಲ ಕಥೆಗಳು ಓಡಾಡುತ್ತಿದ್ದವು. ಇರಾನಿನ ಶಿರಾಜ್ ಪಟ್ಟಣದಿಂದ ಬಂತು ಎನ್ನುವುದು ಅವುಗಳಲ್ಲಿ ಒಂದು. 1998ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸ್‌ನ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿ ಆ ಕಥೆಗೆ ತೆರೆ ಎಳೆದರು. ಫ್ರಾನ್ಸ್‌ನ ಆಗ್ನೇಯ ಭಾಗದ ಎರಡು ತಳಿಗಳಾದ ದ್ಯುರೇಜಾ ಮತ್ತು ಮೊಂಡ್ಯೂಸ್ ಬ್ಲಾಂಶ್ ಕೂಡಿ ಹುಟ್ಟಿದ್ದು ಇದು. ಉತ್ತರ ರೋನ್ ಇದರ ತವರು ಎಂದೇ ಇಟ್ಟುಕೊಳ್ಳಬಹುದು. ಅಲ್ಲಿಂದ ಒಂದು ಬಾಟಲಿ, ಬರೋಸಾದಿಂದ ಒಂದು, ಮೂರನೆಯದು ದಕ್ಷಿಣ ಆಫ್ರಿಕಾ, ಚಿಲಿ ಅಥವಾ ಅಮೆರಿಕದ ವಾಷಿಂಗ್ಟನ್ ರಾಜ್ಯದಿಂದ. ಇಷ್ಟಿದ್ದರೆ ಒಂದು ಒಳ್ಳೆಯ ಸಂಜೆ ಆಗುತ್ತದೆ.

ಮಾಲ್ಬೆಕ್ ಎರಡನೆಯ ಆಯ್ಕೆ. ಇದರ ಹೋಲಿಕೆ ಬಹುಪಾಲು ಎರಡೇ ಜಾಗಗಳ ನಡುವೆ: ನೈಋತ್ಯ ಫ್ರಾನ್ಸ್‌ನ ಕಾಓರ್ ಮತ್ತು ಅರ್ಜೆಂಟೀನಾದ ಮೆಂಡೋಜಾ. ಆಂಡಿಸ್ ಪರ್ವತದ ಬುಡದಲ್ಲಿರುವ ಮೆಂಡೋಜಾದಲ್ಲಿ 1853ರಲ್ಲಿ ಫ್ರೆಂಚ್ ದ್ರಾಕ್ಷಿಗಳನ್ನು ಬೆಳೆಸುವ ಕೃಷಿ ಶಾಲೆಯ ಯೋಜನೆ ಶುರುವಾಯಿತು. ಮಾಲ್ಬೆಕ್ ಅಲ್ಲಿ ಬೇರೂರಿದ್ದು ಆ ಕಾಲದಲ್ಲಿ. ಇತ್ತ ಕಾಓರ್‌ನಲ್ಲಿ 1956ರ ಚಳಿಗಾಲದ ಕಡು ಹಿಮಕ್ಕೆ ಬಹಳಷ್ಟು ಬಳ್ಳಿಗಳು ಸತ್ತು, ತೋಟಗಳನ್ನು ಹೊಸದಾಗಿ ನೆಡಬೇಕಾಯಿತು. ಹಾಗಾಗಿ ಎರಡೂ ಕಡೆ ಮಾಲ್ಬೆಕ್ಕೇ ಇದ್ದರೂ ಬಳ್ಳಿಗಳ ವಂಶಾವಳಿ ಒಂದೇ ಅಲ್ಲ. ಒಂದೇ ದ್ರಾಕ್ಷಿ ಅನ್ನುವಾಗ ಇಂಥ ಸಣ್ಣ ಸಡಿಲ ಯಾವಾಗಲೂ ಇರುತ್ತದೆ.

ಪಿನೋ ನ್ವಾರ್ ನಾಜೂಕು ಜಾತಿ. ಸಿಪ್ಪೆ ತೆಳು, ಬಣ್ಣ ತಿಳಿ. ಎಲ್ಲಿ ಬೆಳೆಯಿತು, ಹೇಗೆ ತಯಾರಾಯಿತು ಅನ್ನುವುದನ್ನು ಅದು ಮುಚ್ಚಿಡುವುದಿಲ್ಲ. ಫ್ರಾನ್ಸ್‌ನ ಬರ್ಗಂಡಿ, ಅಮೆರಿಕದ ಓರೆಗನ್, ನ್ಯೂಜಿಲೆಂಡ್‌ನ ಸೆಂಟ್ರಲ್ ಒಟಾಗೊ ಮೂರನ್ನೂ ಪಕ್ಕಪಕ್ಕ ಇಟ್ಟರೆ ಕಲಿಯುವುದು ಜಾಸ್ತಿ ಇದೆ. ಆದರೆ ಅಂತರಗಳು ಸೂಕ್ಷ್ಮ. ಸಿರಾ ಆದ ಮೇಲೆ ಇದಕ್ಕೆ ಬನ್ನಿ.

ಕ್ಯಾಬರ್ನೆ ಸೊವಿನ್ಯೋನ್ ಎಲ್ಲರಿಗೂ ಗೊತ್ತಿರುವ ಹೆಸರು, ಆದರೆ ಇಲ್ಲೊಂದು ತೊಡಕಿದೆ. ಅದರ ತವರಾದ ಫ್ರಾನ್ಸ್‌ನ ಬೋರ್ಡೋದಲ್ಲಿ ಅದನ್ನು ಸಾಮಾನ್ಯವಾಗಿ ಒಂಟಿಯಾಗಿ ಬಾಟಲಿಗೆ ತುಂಬುವುದಿಲ್ಲ. ಮೆರ್ಲೋ, ಕ್ಯಾಬರ್ನೆ ಫ್ರಾಂಕ್ ಬೆರೆತಿರುತ್ತವೆ. ಬೋರ್ಡೋ ಬಾಟಲಿಯನ್ನು ಕ್ಯಾಲಿಫೋರ್ನಿಯಾದ ನಾಪಾದ ಕ್ಯಾಬರ್ನೆ ಪಕ್ಕದಲ್ಲಿಟ್ಟರೆ ನೀವು ಮಿಶ್ರಣವನ್ನೂ ಒಂಟಿ ದ್ರಾಕ್ಷಿಯನ್ನೂ ಹೋಲಿಸುತ್ತಿರುತ್ತೀರಿ. ನಾಪಾ, ಚಿಲಿಯ ಮೈಪೊ, ಆಸ್ಟ್ರೇಲಿಯಾದ ಕೂನವಾರಾ ಈ ಮೂರನ್ನು ಹೋಲಿಸಿದರೆ ಲೆಕ್ಕ ಸರಿಹೋಗುತ್ತದೆ.

ಮೆರ್ಲೋ ಹೋಲಿಸುವ ಆಸೆ ಇದ್ದರೆ ಚಿಲಿಯ ಹಳೆಯ ಬಾಟಲಿಗಳಿಂದ ದೂರವಿರಿ. ಅಲ್ಲಿ ಮೆರ್ಲೋ ಎಂದು ಬೆಳೆಯುತ್ತಿದ್ದ ಬಳ್ಳಿಗಳಲ್ಲಿ ಬಹಳಷ್ಟು ನಿಜಕ್ಕೂ ಕಾರ್ಮೆನೇರ್ ಎಂಬ ಬೇರೆಯೇ ತಳಿ ಎಂದು ಗೊತ್ತಾಗಿದ್ದು 1994ರಲ್ಲಿ. ಗುರುತು ಹಿಡಿದವರು ಫ್ರೆಂಚ್ ತಳಿ ತಜ್ಞ ಜಾನ್-ಮಿಶೆಲ್ ಬುರ್ಸಿಕೊ. ಅಲ್ಲಿಯವರೆಗೆ ಚಿಲಿಯ ಮೆರ್ಲೋ ರುಚಿ ಹೀಗೆ, ಹಾಗೆ ಎಂದು ಬರೆದವರು ಎರಡು ದ್ರಾಕ್ಷಿಗಳ ಬಗ್ಗೆ ಬರೆಯುತ್ತಿದ್ದರು, ಪಾಪ.

2. ಬಾಟಲಿ ಕೊಳ್ಳುವಾಗ ಲೇಬಲ್ ಓದುವುದು

ಲೇಬಲ್ ಮೇಲೆ ದ್ರಾಕ್ಷಿಯ ಹೆಸರು ಇದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಅದೇ ಅಲ್ಲ. ಯುರೋಪಿಯನ್ ಒಕ್ಕೂಟ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಶೇಕಡಾ 85 ಇದ್ದರೆ ಸಾಕು, ಆ ಹೆಸರು ಹಾಕಬಹುದು. ಅಮೆರಿಕದಲ್ಲಿ 75 ಸಾಕು, ಓರೆಗನ್ ರಾಜ್ಯ ಮಾತ್ರ ಪಿನೋ ನ್ವಾರ್‌ಗೆ 90 ಕೇಳುತ್ತದೆ. ಫ್ರಾನ್ಸ್‌ನ ಕೆಲವು ಊರುಗಳ ನಿಯಮ ಇನ್ನೂ ಬೇರೆ. ಉತ್ತರ ರೋನ್‌ನ ಕೋರ್ನಾಸ್ ಎಂಬ ಹೆಸರಿನಲ್ಲಿ ಬರುವ ಕೆಂಪು ವೈನ್ ಪೂರ್ತಿ ಸಿರಾ ಆಗಿರಲೇಬೇಕು. ಅದೇ ಉತ್ತರ ರೋನ್‌ನ ಕೋತ್-ರೋತಿಯಲ್ಲಿ ವಿಯೋನ್ಯೇ ಎಂಬ ಬಿಳಿ ದ್ರಾಕ್ಷಿಯನ್ನು ಶೇಕಡಾ 20ರವರೆಗೆ ಸೇರಿಸಲು ಅವಕಾಶವಿದೆ. ಕಾಓರ್‌ನಲ್ಲಿ ಮಾಲ್ಬೆಕ್ ಕನಿಷ್ಠ 70 ಇದ್ದರೆ ಆಯಿತು. ತಯಾರಕರ ಜಾಲತಾಣದಲ್ಲಿ ಸಾಮಾನ್ಯವಾಗಿ ಆ ವರ್ಷದ ತಾಂತ್ರಿಕ ಮಾಹಿತಿ ಹಾಳೆ ಇರುತ್ತದೆ. ಕೊಳ್ಳುವ ಮೊದಲು ಅದನ್ನೊಮ್ಮೆ ನೋಡಿ. ದ್ರಾಕ್ಷಿಯ ಪಾಲು, ಪೀಪಾಯಿಯಲ್ಲಿ ಎಷ್ಟು ತಿಂಗಳು, ಹೊಸ ಮರ ಎಷ್ಟು, ಎಲ್ಲ ಅಲ್ಲಿ ಸಿಗುತ್ತದೆ.

ಪೀಪಾಯಿಯ ಮರದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವೆನಿಲ್ಲಾ, ಲವಂಗ, ಸುಟ್ಟ ಬ್ರೆಡ್‌ನಂಥ ಘಮ ಬಹುಪಾಲು ಓಕ್ ಮರದಿಂದ ಬರುವುದು, ದ್ರಾಕ್ಷಿಯಿಂದಲ್ಲ. ಅಮೆರಿಕದ ಓಕ್ ಆದರೆ ತೆಂಗಿನಕಾಯಿಯ ವಾಸನೆ ಹೆಚ್ಚು. ಫ್ರೆಂಚ್ ಓಕ್ ಅದಕ್ಕಿಂತ ಮೆತ್ತಗೆ. ಒಂದು ವೈನ್ ಹೊಸ ಪೀಪಾಯಿಯಲ್ಲಿ 18 ತಿಂಗಳು ಕೂತು ಇನ್ನೊಂದು ಸ್ಟೀಲ್ ತೊಟ್ಟಿಯಲ್ಲೇ ಬೆಳೆದಿದ್ದರೆ, ಆ ಹೋಲಿಕೆ ಪ್ರದೇಶಗಳದ್ದಲ್ಲ, ಬಡಗಿಯದ್ದು. ಹೊಸ ಓಕ್ ಕಡಿಮೆ ಇರುವ ಬಾಟಲಿಗಳನ್ನೇ ಹುಡುಕಿ. ಇವು ಸಾಮಾನ್ಯವಾಗಿ ತಯಾರಕರ ದುಬಾರಿ ಬಾಟಲಿಗಳಲ್ಲ, ಮಧ್ಯಮ ದರ್ಜೆಯವು. ಅದೂ ಒಳ್ಳೆಯದೇ ಆಯಿತು. ಮೂರೂ ಬಾಟಲಿಗಳ ಬೆಲೆ ಹತ್ತಿರ ಹತ್ತಿರ ಇರಲಿ. ಅಗ್ಗದ ಒಂದನ್ನೂ ಶ್ರೀಮಂತರ ಒಂದನ್ನೂ ಪಕ್ಕದಲ್ಲಿಟ್ಟು ದೇಶಗಳ ಬಗ್ಗೆ ಮಾತಾಡುವುದು ನ್ಯಾಯವಲ್ಲ.

ವರ್ಷ ಒಂದೇ ಇರಲಿ. ಇಲ್ಲೂ ಒಂದು ಸೂಕ್ಷ್ಮ ಇದೆ. ಭೂಮಿಯ ದಕ್ಷಿಣಾರ್ಧದಲ್ಲಿ ಕೊಯ್ಲು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಉತ್ತರಾರ್ಧದಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಹಾಗಾಗಿ ಲೇಬಲ್ ಮೇಲೆ ಒಂದೇ ವರ್ಷ ಇದ್ದರೂ ಆಸ್ಟ್ರೇಲಿಯಾದ ವೈನ್ ಸುಮಾರು ಆರು ತಿಂಗಳು ದೊಡ್ಡದು. ಹೊಸ ವೈನ್‌ಗಳಲ್ಲಿ ಇದು ತಿಳಿಯುತ್ತದೆ, ಐದಾರು ವರ್ಷ ಕಳೆದ ಮೇಲೆ ಲೆಕ್ಕಕ್ಕಿಲ್ಲ.

ಕೆಲವು ವರ್ಷಗಳನ್ನು ಬಿಟ್ಟುಬಿಡಿ. 2003ರಲ್ಲಿ ಯುರೋಪಿನಲ್ಲಿ ಭಾರೀ ಬಿಸಿಗಾಳಿ. ಆ ವರ್ಷದ ಬರ್ಗಂಡಿ ತಂಪು ಪ್ರದೇಶದ ಸ್ವಭಾವ ಬಿಟ್ಟು ಬಿಸಿ ದೇಶದ ವೈನ್‌ನಂತೆ ಮಾತಾಡುತ್ತದೆ. 2020ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ಓರೆಗನ್‌ನಲ್ಲಿ ಕಾಡ್ಗಿಚ್ಚು ಹಬ್ಬಿ ಹೊಗೆ ತೋಟಗಳ ಮೇಲೆ ಕೂತಿತು. ಹೊಗೆ ತಗುಲಿದ ದ್ರಾಕ್ಷಿಯ ವೈನ್‌ನಲ್ಲಿ ಬೂದಿಯ ರುಚಿ ಬರಬಹುದು. ಸಿರಾದಲ್ಲಿ ಸಹಜವಾಗಿ ಬರುವ ಹೊಗೆಯ ಛಾಯೆಯ ಜೊತೆ ಇದನ್ನು ಸೇರಿಸಿಕೊಂಡರೆ ದಾರಿ ತಪ್ಪಿದಂತೆಯೇ.

ಇನ್ನೊಂದು ಮಾತು, ಪ್ರದೇಶದ ಹೆಸರಿನ ಅಗಲದ ಬಗ್ಗೆ. ಲೇಬಲ್ ಮೇಲೆ ಬರೋಸಾ ವ್ಯಾಲಿ ಎಂದಿದ್ದರೆ ಅದು ಬಿಸಿಯಾದ ಕಣಿವೆಯದು. ಸುಮ್ನೆ ಬರೋಸಾ ಎಂದಷ್ಟೇ ಇದ್ದರೆ, ಪಕ್ಕದ ಎತ್ತರದ, ತಂಪಾದ ಈಡನ್ ವ್ಯಾಲಿಯ ದ್ರಾಕ್ಷಿಯೂ ಸೇರಿರಬಹುದು. ಸೌತ್ ಈಸ್ಟರ್ನ್ ಆಸ್ಟ್ರೇಲಿಯಾ ಎಂದಿದ್ದರಂತೂ ಹಲವು ರಾಜ್ಯಗಳ ದ್ರಾಕ್ಷಿ ಒಟ್ಟಿಗೆ ಬಂದಿರಬಹುದು. ಹೆಸರು ಎಷ್ಟು ಸಣ್ಣ ಜಾಗವನ್ನು ಸೂಚಿಸುತ್ತದೋ ಹೋಲಿಕೆ ಅಷ್ಟು ಅರ್ಥಪೂರ್ಣ.

3. ಮುಚ್ಚಳ ತೆಗೆಯುವ ಮೊದಲೇ ಊಹೆ ಬರೆದಿಡುವುದು

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಕಲಿಕೆಯ ಮುಕ್ಕಾಲು ಪಾಲು ಇಲ್ಲೇ ಇದೆ. ಮೂರು ಜಾಗಗಳ ಹವಾಮಾನ ನೋಡಿ, ಯಾವುದರಲ್ಲಿ ಹುಳಿ ಹೆಚ್ಚು, ಯಾವುದರಲ್ಲಿ ಆಲ್ಕೋಹಾಲ್ ಹೆಚ್ಚು, ಹಣ್ಣು ಎಷ್ಟು ಕಳಿತಂತೆ ಅನಿಸಬೇಕು ಎಂದು ಮೊದಲೇ ಬರೆದಿಡಿ. ಆಮೇಲೆ ರುಚಿ ನೋಡಿದಾಗ ಊಹೆ ನಿಂತಿತೋ ಬಿದ್ದಿತೋ ಗೊತ್ತಾಗುತ್ತದೆ. ಬರೆಯದೆ ಹೋದರೆ ಎಲ್ಲ ಮುಗಿದ ಮೇಲೆ "ಹೌದು, ನನಗೆ ಮೊದಲೇ ಅನಿಸಿತ್ತು" ಅನ್ನುತ್ತೇವೆ, ಅಲ್ವಾ?

ಊಹಿಸಲು ಬೇಕಾದ ತಿಳಿವಳಿಕೆ ಜಾಸ್ತಿ ಏನಿಲ್ಲ. ದ್ರಾಕ್ಷಿ ಮಾಗುತ್ತಾ ಹೋದಂತೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಆಲ್ಕೋಹಾಲ್. ಬಿಸಿಲು ಹೆಚ್ಚಿದ್ದಲ್ಲಿ ಸಕ್ಕರೆ ಬೇಗ ಏರುವುದರಿಂದ ವೈನ್ ಶೇಕಡಾ 14.5ರ ಆಸುಪಾಸಿಗೆ ಹೋಗುತ್ತದೆ. ತಂಪಿನಲ್ಲಿ 12.5 ಅಥವಾ 13ಕ್ಕೆ ನಿಲ್ಲಬಹುದು. ಹುಳಿಯ ಕಥೆಯಲ್ಲಿ ರಾತ್ರಿಯ ಪಾತ್ರ ದೊಡ್ಡದು. ದ್ರಾಕ್ಷಿಯಲ್ಲಿರುವ ಮ್ಯಾಲಿಕ್ ಆಮ್ಲ ಬೆಚ್ಚನೆಯ ವಾತಾವರಣದಲ್ಲಿ ಕರಗುತ್ತಾ ಹೋಗುತ್ತದೆ, ತಣ್ಣನೆಯ ರಾತ್ರಿ ಅದನ್ನು ಉಳಿಸುತ್ತದೆ. ಎತ್ತರ ಮುಖ್ಯವಾಗುವುದು ಇದಕ್ಕೇ. ಪ್ರತಿ 100 ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಮೆಂಡೋಜಾದ ಊಕೊ ಕಣಿವೆಯ ಬಹಳಷ್ಟು ತೋಟಗಳು ಸಮುದ್ರ ಮಟ್ಟದಿಂದ 1,000 ಮೀಟರಿಗಿಂತ ಮೇಲಿವೆ. ಹಗಲು ಉರಿಬಿಸಿಲು, ರಾತ್ರಿ ಚಳಿ. ಅಲ್ಲಿನ ಮಾಲ್ಬೆಕ್‌ನಲ್ಲಿ ಹಣ್ಣು ಕಳಿತಂತಿದ್ದೂ ಹುಳಿ ಚುರುಕಾಗಿರುವುದಕ್ಕೆ ಇದು ಕಾರಣ.

ಅಕ್ಷಾಂಶ ಮಾತ್ರ ನೋಡಿ ಊಹಿಸಬೇಡಿ. ಉತ್ತರ ರೋನ್‌ನ ಎರ್ಮಿಟಾಜ್ ಬೆಟ್ಟ, ಓರೆಗನ್‌ನ ವಿಲ್ಯಾಮೆಟ್ ಕಣಿವೆ, ದಕ್ಷಿಣಕ್ಕೆ ಹೋದರೆ ಸೆಂಟ್ರಲ್ ಒಟಾಗೊ, ಮೂರೂ 45 ಡಿಗ್ರಿಯ ಹತ್ತಿರ ಇವೆ. ಆದರೆ ಮೊದಲನೆಯದು ಸಿರಾ ಮಾಗುವಷ್ಟು ಬೆಚ್ಚಗಿದೆ. ಉಳಿದೆರಡು ಪಿನೋ ನಾಡುಗಳು. ಅವೂ ಪರಸ್ಪರ ಒಂದೇ ಥರ ಇಲ್ಲ: ವಿಲ್ಯಾಮೆಟ್‌ಗೆ ಪೆಸಿಫಿಕ್ ಸಾಗರದ ಗಾಳಿ ತಾಗುತ್ತದೆ, ಒಟಾಗೊ ಬೆಟ್ಟಗಳ ನಡುವೆ ಸಿಕ್ಕಿಕೊಂಡ ಒಣ ನಾಡು.

ಮಣ್ಣಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕಿದೆ. ಗ್ರಾನೈಟ್ ಕಲ್ಲಿನ ಮೇಲೆ ಬೆಳೆದ ಬಳ್ಳಿ ಗ್ರಾನೈಟ್ ರುಚಿಯ ವೈನ್ ಕೊಡುವುದಿಲ್ಲ. ಬೇರು ಕಲ್ಲನ್ನು ಹೀರುವುದಿಲ್ಲ, ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಹೀರುತ್ತದೆ. ಮಣ್ಣು ಕೆಲಸ ಮಾಡುವುದು ಬೇರೆ ದಾರಿಯಲ್ಲಿ. ನೀರು ಬೇಗ ಬಸಿದು ಹೋಗುತ್ತದೆಯೇ, ನಿಲ್ಲುತ್ತದೆಯೇ, ಬಿಸಿಲಿನ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆಯೇ, ಬಳ್ಳಿ ಎಷ್ಟು ಸೊಕ್ಕಿ ಬೆಳೆಯುತ್ತದೆ. ಕೂನವಾರಾದ ಸುಣ್ಣಕಲ್ಲಿನ ಮೇಲಿನ ಕೆಂಪು ಮಣ್ಣಿಗೆ ಹೆಸರು ಬಂದಿದ್ದರಲ್ಲಿ ನೀರು ಚೆನ್ನಾಗಿ ಬಸಿಯುವ ಗುಣದ ಪಾಲು ದೊಡ್ಡದು. ಹಾಗಾಗಿ ನಿಮ್ಮ ಊಹೆಯ ಹಾಳೆಯಲ್ಲಿ "ಕಲ್ಲಿನ ರುಚಿ" ಎಂದು ಬರೆಯಬೇಡಿ.

4. ತಯಾರಿ

ಮೂರೂ ಬಾಟಲಿಗಳನ್ನು ಒಟ್ಟಿಗೆ ಫ್ರಿಜ್ಜಿಗೆ ಇಡಿ, ಒಟ್ಟಿಗೆ ಹೊರತೆಗೆಯಿರಿ. ಕುಡಿಯುವಾಗ 16 ಡಿಗ್ರಿ ಆಸುಪಾಸು ಇರಲಿ, ಪಿನೋ ಆದರೆ 14. ಬೆಚ್ಚಗಾದರೆ ಆಲ್ಕೋಹಾಲ್ ಮೂಗಿಗೆ ರಾಚುತ್ತದೆ. ತೀರಾ ತಣ್ಣಗಾದರೆ ಘಮ ಮುದುಡಿ ಒಗರು ಹೆಚ್ಚುತ್ತದೆ. ಎಲ್ಲವನ್ನೂ ಒಂದೇ ಹೊತ್ತಿಗೆ ತೆರೆಯಿರಿ. ಒಂದನ್ನು ಮಾತ್ರ ಡಿಕ್ಯಾಂಟರಿಗೆ (ವೈನಿಗೆ ಗಾಳಿ ತಾಗಲೆಂದು ಬಳಸುವ ಗಾಜಿನ ಪಾತ್ರೆ) ಸುರಿದು ಉಳಿದದ್ದನ್ನು ಬಿಡಬೇಡಿ. ಸುರಿಯುವುದಿದ್ದರೆ ಎಲ್ಲವನ್ನೂ ಸುರಿಯಿರಿ.

ಗ್ಲಾಸು ಯಾವುದಾದರೂ ಆಗಬಹುದು, ಬಾಯಿ ಹೊಟ್ಟೆಗಿಂತ ಕಿರಿದಾಗಿದ್ದರೆ ಸಾಕು. ಮುಖ್ಯವಾದದ್ದು ಎಲ್ಲವೂ ಒಂದೇ ಆಕಾರದವು ಆಗಿರುವುದು. ತೊಳೆದ ಸೋಪಿನ ವಾಸನೆ ಉಳಿದಿಲ್ಲವೆಂದು ಖಾಲಿ ಗ್ಲಾಸನ್ನೇ ಮೂಸಿ ನೋಡಿ. ತಲಾ 50 ಮಿಲಿ ಸಾಕು. 750 ಮಿಲಿಯ ಬಾಟಲಿಯಲ್ಲಿ ಹೀಗೆ 15 ಸಲ ಸುರಿಯಬಹುದು.

ಬಾಟಲಿ ಕೆಟ್ಟಿಲ್ಲವೆಂದು ಸಹಾಯಕ ಮೊದಲೇ ಮೂಸಿ ನೋಡಲಿ. ಒದ್ದೆ ರಟ್ಟು, ಬೂಷ್ಟು ಹಿಡಿದ ನೆಲಮಾಳಿಗೆಯ ವಾಸನೆ ಇದ್ದರೆ ಅದು ಬಿರಡೆಯಿಂದ ಬಂದ ದೋಷ. ಆ ಬಾಟಲಿಯನ್ನು ಹೊರಗಿಡಿ. ಕುದುರೆ ಲಾಯ, ಬ್ಯಾಂಡೇಜಿನ ವಾಸನೆ ಬಂದರೆ ಬ್ರೆಟನೊಮೈಸಿಸ್ ಎಂಬ ಯೀಸ್ಟ್. ಅದನ್ನು ಹಳೆಯ ಊರುಗಳ ಸೊಗಡು ಎಂದು ಹೊಗಳುವವರಿದ್ದಾರೆ. ಅದು ನೆಲದ ಗುಣವಲ್ಲ, ಎಲ್ಲಿ ಬೇಕಾದರೂ ಸೇರಿಕೊಳ್ಳುವ ಸೂಕ್ಷ್ಮಜೀವಿ.

ಅತ್ತರು, ಊದುಬತ್ತಿ, ಅಡುಗೆಯ ಒಗ್ಗರಣೆ ಇಲ್ಲದ ಕೋಣೆ ಇರಲಿ. ಬಾಯಿ ಮುಕ್ಕಳಿಸಲು ನೀರು, ನಡುವೆ ಕಚ್ಚಲು ಉಪ್ಪಿಲ್ಲದ ಬಿಸ್ಕತ್ತು, ಉಗುಳಲು ಒಂದು ಪಾತ್ರೆ.

5. ಬಾಟಲಿ ಮರೆಮಾಡುವುದು, ಒಂದನ್ನು ಎರಡು ಸಲ ಸುರಿಯುವುದು

ಲೇಬಲ್ ಕಂಡರೆ ನಾಲಿಗೆ ಲೇಬಲ್ ಹೇಳಿದ್ದನ್ನೇ ಹೇಳುತ್ತದೆ. ತಜ್ಞರೂ ಇದಕ್ಕೆ ಹೊರತಲ್ಲ. 2001ರಲ್ಲಿ ಪ್ರಕಟವಾದ ಬೋರ್ಡೋದ ಒಂದು ಪ್ರಯೋಗದಲ್ಲಿ, ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಅದರ ಘಮವನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. ಅದಕ್ಕೂ ಹಿಂದೆ, 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ್ದ, ಲೇಬಲ್ ಮರೆಮಾಡಿ ರುಚಿ ನೋಡುವ ಪರೀಕ್ಷೆಯಲ್ಲಿ ಫ್ರೆಂಚ್ ತೀರ್ಪುಗಾರರು ನಾಪಾದ 1973ರ ಸ್ಟ್ಯಾಗ್ಸ್ ಲೀಪ್ ಕ್ಯಾಬರ್ನೆಯನ್ನು ಬೋರ್ಡೋದ ದೊಡ್ಡ ಹೆಸರುಗಳಿಗಿಂತ ಮೇಲಿಟ್ಟರು. ಲೇಬಲ್ ಕಂಡಿದ್ದರೆ ಆ ಫಲಿತಾಂಶ ಬರುತ್ತಿತ್ತೇ? ನನಗಂತೂ ಅನುಮಾನ.

ಸಹಾಯಕ ಬಾಟಲಿಗಳನ್ನು ಚೀಲದಲ್ಲಿ ಮುಚ್ಚಿ, ನಿಮ್ಮ ಕಣ್ಣಿಗೆ ಬೀಳದಂತೆ ಬೇರೆ ಕೋಣೆಯಲ್ಲಿ ಸುರಿಯಲಿ. ಬಾಟಲಿಯ ಆಕಾರವೂ ಗುಟ್ಟು ಬಿಡುತ್ತದೆ. ಬೋರ್ಡೋ ಥರದ ಬಾಟಲಿಗೆ ಎತ್ತಿದ ಭುಜ, ಬರ್ಗಂಡಿಯದ್ದಕ್ಕೆ ಇಳಿಭುಜ. ಗ್ಲಾಸುಗಳ ಬುಡಕ್ಕೆ ಅಂಕಿಯ ಚೀಟಿ ಅಂಟಿಸಿ.

ವೈನ್ ಮೂರಾದರೂ ಗ್ಲಾಸು ನಾಲ್ಕು. ಒಂದು ವೈನನ್ನು ಸಹಾಯಕ ಎರಡು ಗ್ಲಾಸಿಗೆ ಸುರಿದಿರುತ್ತಾನೆ, ಯಾವುದು ಎಂದು ಹೇಳುವುದಿಲ್ಲ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಸಲಹೆ ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಕೊನೆಗೆ ಹಾಳೆ ತೆರೆದಾಗ, ಒಂದೇ ವೈನಿನ ಎರಡು ಗ್ಲಾಸುಗಳಿಗೆ ನೀವು ಎಷ್ಟು ಬೇರೆ ಬೇರೆ ಮಾತು ಬರೆದಿದ್ದೀರಿ ಎಂದು ಕಾಣುತ್ತದೆ. ಅದು ನಿಮ್ಮ ನಾಲಿಗೆಯ ಅಳತೆಯ ತಪ್ಪಿನ ಪ್ರಮಾಣ. ಬರೋಸಾಕ್ಕೂ ರೋನ್‌ಗೂ ನಡುವೆ ನೀವು ಕಂಡ ಅಂತರ ಅದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಮಾತಾಡಲು ಯೋಗ್ಯ.

6. ರುಚಿ ನೋಡುವುದು

ಮೊದಲು ಎಲ್ಲ ಗ್ಲಾಸುಗಳನ್ನೂ ಮೂಸಿ, ಆಮೇಲೆ ಕುಡಿಯಿರಿ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದಲ್ಲ.

ಬಣ್ಣಕ್ಕೆ ಅರ್ಧ ನಿಮಿಷ ಕೊಡಿ. ಬಿಳಿ ಹಾಳೆಯ ಮೇಲೆ ಗ್ಲಾಸು ಓರೆ ಮಾಡಿ ಅಂಚು ನೋಡಿ. ನೇರಳೆ ಛಾಯೆ ಇದ್ದರೆ ಹೊಸದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಗಾಜಿನ ಗೋಡೆಯ ಮೇಲೆ ಇಳಿಯುವ ಹನಿಗಳನ್ನು ನೋಡಿ ಗುಣಮಟ್ಟ ಹೇಳುವುದು ಬರೀ ಶೋಕಿ. ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗುವುದರಿಂದ ಆ ಹನಿಗಳು ಆಗುತ್ತವೆ, ಅಷ್ಟೇ.

ಮೂಗಿನ ಕೆಲಸ ದೊಡ್ಡದು. ಗ್ಲಾಸು ಅಲುಗಿಸದೆ ಒಮ್ಮೆ, ತಿರುಗಿಸಿ ಇನ್ನೊಮ್ಮೆ. ಚಿಕ್ಕ ಚಿಕ್ಕ ಉಸಿರು. ಹೆಸರು ಹುಡುಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಹಣ್ಣು ಕೆಂಪೋ ಕಪ್ಪೋ? ತಾಜಾ ಇದೆಯೋ, ಜಾಮಿನಂತೆ ಬೇಯಿಸಿದ್ದೋ? ಹಣ್ಣಲ್ಲದ ವಾಸನೆ ಏನಿದೆ? ಮೂರನೆಯ ಪ್ರಶ್ನೆಯ ಉತ್ತರದಲ್ಲೇ ಪ್ರದೇಶದ ಸುಳಿವುಗಳು ಹೆಚ್ಚು.

ಸಿರಾದ ಕರಿಮೆಣಸಿನ ವಾಸನೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ಕಾರಣ ರೊಟಂಡೋನ್ ಎಂಬ ವಸ್ತು. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇದನ್ನು ವರದಿ ಮಾಡಿದರು. ನಿಜವಾದ ಕರಿಮೆಣಸಿನಲ್ಲೂ ಅದೇ ಇದೆ. ಕೆಂಪು ವೈನಿನ ಒಂದು ಲೀಟರಿಗೆ 16 ನ್ಯಾನೊಗ್ರಾಂನಷ್ಟಿದ್ದರೂ ಮೂಗಿಗೆ ತಿಳಿಯುತ್ತದೆ. ತಂಪು ಜಾಗ, ತಂಪು ವರ್ಷಗಳಲ್ಲಿ ಇದು ಹೆಚ್ಚು. ರೋನ್ ಸಿರಾ ಮೆಣಸಿನ ಘಾಟು ಬಿಡುವುದೂ ಬಿಸಿ ಬರೋಸಾದಲ್ಲಿ ಅದು ಹಿಂದೆ ಸರಿಯುವುದೂ ಇದರಿಂದಲೇ. ಸ್ವಾರಸ್ಯ ಏನೆಂದರೆ, ಅದೇ ಅಧ್ಯಯನದಲ್ಲಿ ಐವರಲ್ಲಿ ಒಬ್ಬರಿಗೆ ಎಷ್ಟು ಜಾಸ್ತಿ ಹಾಕಿದರೂ ಈ ವಾಸನೆ ಗೊತ್ತಾಗಲೇ ಇಲ್ಲ. ಪಕ್ಕದಲ್ಲಿ ಕೂತವರು "ಎಲ್ಲಿದೆ ಮೆಣಸು?" ಎಂದು ಕೇಳಿದರೆ ಅವರನ್ನು ಗೇಲಿ ಮಾಡಬೇಡಿ. ಅವರ ಮೂಗು ಹಾಗಿರಬಹುದು. ಮೆಣಸು ತಾಗದವರಿಗೆ ರೋನ್ ಸಿರಾ ನಮಗಿಂತ ಬೇರೆಯೇ ವೈನ್.

ಕ್ಯಾಬರ್ನೆಯಲ್ಲಿ ಹುಡುಕಬೇಕಾದದ್ದು ಹಸಿ ಕ್ಯಾಪ್ಸಿಕಂ ವಾಸನೆ. ಪಿರಜೀನ್ ಗುಂಪಿನ ವಸ್ತುಗಳು ಇದಕ್ಕೆ ಕಾರಣ. ದ್ರಾಕ್ಷಿ ಮಾಗಿದಂತೆ, ಗೊಂಚಲಿಗೆ ಬಿಸಿಲು ತಾಗಿದಂತೆ ಇವು ಕಡಿಮೆಯಾಗುತ್ತವೆ. ಆದರೆ ಇದು ಪೂರ್ತಿ ಹವಾಮಾನದ ಕೈಯಲ್ಲಿಲ್ಲ. ಎಲೆ ಸವರಿ ಗೊಂಚಲಿಗೆ ಬಿಸಿಲು ಬಿಡುವ ರೈತನೂ ಅದನ್ನು ತಗ್ಗಿಸಬಲ್ಲ. ಆಸ್ಟ್ರೇಲಿಯಾದ ಕೆಲವು ಕೆಂಪು ವೈನ್‌ಗಳಲ್ಲಿ ನೀಲಗಿರಿ ಎಣ್ಣೆಯ ಘಮ ಬರುತ್ತದೆ. ಅದು ಬಹುತೇಕ ತೋಟದ ಪಕ್ಕದ ನೀಲಗಿರಿ ಮರಗಳಿಂದಲೇ ಬಂದದ್ದು. ಎಣ್ಣೆ ಗಾಳಿಯಲ್ಲಿ ಬಂದು ಸಿಪ್ಪೆಯ ಮೇಲೆ ಕೂರುತ್ತದೆ, ಎಲೆ ಚೂರುಗಳೂ ಕೊಯ್ಲಿನ ಜೊತೆ ಸೇರುತ್ತವೆ. ಮರಗಳಿಗೆ ಹತ್ತಿರದ ಸಾಲುಗಳಲ್ಲಿ ಹೆಚ್ಚು, ದೂರ ಹೋದಂತೆ ಕಡಿಮೆ. ಪ್ರದೇಶದ ಗುಣ ಎಂದರೆ ಇಷ್ಟು ನೇರವಾದದ್ದೂ ಇರುತ್ತದೆ.

ಬಾಯಲ್ಲಿ ನಾಲ್ಕನ್ನು ಬೇರೆ ಬೇರೆಯಾಗಿ ಅಳೆಯಿರಿ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡಿ. ಹುಳಿ: ನುಂಗಿದ ಅಥವಾ ಉಗುಳಿದ ಮೇಲೆ ಬಾಯಲ್ಲಿ ಎಷ್ಟು ನೀರೂರುತ್ತದೆ. ಒಗರು, ಅಂದರೆ ಟ್ಯಾನಿನ್: ಹಾಲು ಹಾಕದ ಕಡು ಚಹಾ ಕುಡಿದಂತೆ ವಸಡು, ಕೆನ್ನೆಯ ಒಳಭಾಗ ಎಷ್ಟು ಒಣಗುತ್ತದೆ. ಒಗರಿನ ಪ್ರಮಾಣದ ಜೊತೆ ಅದು ಒರಟೋ ನಯವೋ ಎಂದೂ ಬರೆಯಿರಿ. ಆಲ್ಕೋಹಾಲ್: ಗಂಟಲಿನ ಬಿಸಿ. ಕೊನೆಯದು ಭಾರ, ನಾಲಿಗೆಯ ಮೇಲೆ ವೈನ್ ಎಷ್ಟು ಗಟ್ಟಿ ಅನಿಸುತ್ತದೆ ಅನ್ನುವುದು.

ಒಗರು ಒಂದು ಗ್ಲಾಸಿನಿಂದ ಇನ್ನೊಂದಕ್ಕೆ ಕೂಡುತ್ತಾ ಹೋಗುತ್ತದೆ. ಆದ್ದರಿಂದ ಮೊದಲನೆಯದು ಯಾವಾಗಲೂ ಮೃದು, ಕೊನೆಯದು ಯಾವಾಗಲೂ ಒರಟು ಅನಿಸುವ ಅಪಾಯವಿದೆ. ಪ್ರತಿ ಗುಟುಕಿನ ನಡುವೆ ಒಂದೆರಡು ನಿಮಿಷ ಬಿಡಿ, ನೀರು ಮುಕ್ಕಳಿಸಿ. ಎರಡನೇ ಸುತ್ತನ್ನು ಉಲ್ಟಾ ಮಾಡಿ, ನಾಲ್ಕರಿಂದ ಒಂದಕ್ಕೆ. ಎರಡೂ ಸುತ್ತಿನ ಅಂಕ ಹೊಂದದಿದ್ದರೆ ಸರಾಸರಿ ತೆಗೆಯಬೇಡಿ, ಮೂರನೇ ಸುತ್ತು ನೋಡಿ.

ಉಗುಳಲು ನಾಚಿಕೆ ಬೇಡ. 50 ಮಿಲಿಯ ನಾಲ್ಕು ಗ್ಲಾಸು, ಶೇಕಡಾ 14ರ ವೈನ್ ಅಂದರೆ ಸುಮಾರು 22 ಗ್ರಾಂ ಶುದ್ಧ ಆಲ್ಕೋಹಾಲ್. ಮೂರನೇ ಗ್ಲಾಸಿಗೆ ಬರುವಷ್ಟರಲ್ಲಿ ಎಲ್ಲವೂ ಚೆನ್ನಾಗಿದೆ ಅನಿಸತೊಡಗುತ್ತದೆ. ಉಗುಳಿದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ, ಆಮೇಲೆ ಗಾಡಿ ಓಡಿಸಬೇಡಿ.

7. ಅನುಮಾನ ಉಳಿದರೆ ಮೂರು ಗ್ಲಾಸಿನ ಪರೀಕ್ಷೆ

ಎರಡು ವೈನ್‌ಗಳ ನಡುವೆ ನಿಜವಾಗಿ ಅಂತರ ಇದೆಯೇ, ಸುಮ್ನೆ ಅನಿಸುತ್ತಿದೆಯೇ? ಸಹಾಯಕ ಮೂರು ಗ್ಲಾಸು ತರಲಿ. ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಇನ್ನೊಂದು. ಬೇರೆಯಾದದ್ದನ್ನು ನೀವು ಹಿಡಿಯಬೇಕು. ಸುಮ್ನೆ ಕೈ ತೋರಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹಾಗಾಗಿ ಒಮ್ಮೆ ಸರಿಯಾದರೆ ಬೀಗಬೇಡಿ. ಜೋಡಣೆ ಬದಲಿಸುತ್ತಾ ಐದು ಸಲ ಮಾಡಿ. ಬರೀ ಅದೃಷ್ಟದಿಂದ ಐದರಲ್ಲಿ ನಾಲ್ಕು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ 100ಕ್ಕೆ 5ಕ್ಕಿಂತ ಕಡಿಮೆ. ಅಷ್ಟು ಬಂದರೆ ಅಂತರ ಇದೆ ಎಂದು ನಂಬಬಹುದು. ಬಣ್ಣ ಬೇರೆ ಕಾಣುತ್ತಿದ್ದರೆ ಕಣ್ಣು ಮುಚ್ಚಿ ಮಾಡಿ.

8. ಚೀಲ ತೆಗೆದ ಮೇಲೆ

ಹೆಸರುಗಳು ಗೊತ್ತಾದ ಕೂಡಲೇ ಹಾಳೆಯನ್ನು ತಿದ್ದುವ ಆಸೆ ಬರುತ್ತದೆ. ಪೆನ್ನು ಪಕ್ಕಕ್ಕಿಡಿ. ಮೊದಲು ಎರಡು ಸಲ ಸುರಿದ ವೈನಿನ ಅಂಕಗಳನ್ನು ನೋಡಿ. ಹುಳಿಯಲ್ಲಿ ಒಂದು ಅಂಕದ ಅಂತರ ಬಂದಿದ್ದರೆ, ಬೇರೆ ವೈನ್‌ಗಳ ನಡುವಿನ ಒಂದು ಅಂಕದ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಉಳಿದ ಅಂತರಗಳನ್ನು ಒಂದೊಂದಾಗಿ ಪ್ರಶ್ನಿಸಿ. ವೆನಿಲ್ಲಾ, ತೆಂಗು, ಹುರಿದ ಘಮ ಇದ್ದರೆ ಪೀಪಾಯಿಯ ಲೆಕ್ಕಕ್ಕೆ ಬರೆಯಿರಿ. ಪಿನೋದಲ್ಲಿ ಹಸಿರು ಕಾಂಡದ, ಒಣಗಿದ ಸೊಪ್ಪಿನ ಛಾಯೆ ಇದ್ದರೆ ಗೊಂಚಲನ್ನು ತೊಟ್ಟಿನ ಸಮೇತ ಹುದುಗಿಸಿರಬಹುದು, ಅದು ತಯಾರಕರ ಆಯ್ಕೆ. ಹುಳಿ ಮತ್ತು ಆಲ್ಕೋಹಾಲ್ ಕೂಡ ಪೂರ್ತಿ ಪ್ರಾಮಾಣಿಕ ಸಾಕ್ಷಿಗಳಲ್ಲ. ಆಸ್ಟ್ರೇಲಿಯಾದಂಥ ಬಿಸಿ ನಾಡುಗಳಲ್ಲಿ ಟಾರ್ಟಾರಿಕ್ ಆಮ್ಲ ಸೇರಿಸಿ ಹುಳಿ ಸರಿಪಡಿಸುವುದು ಕಾನೂನುಬದ್ಧ, ಸಾಮಾನ್ಯ. ಬರ್ಗಂಡಿಯಲ್ಲಿ ತಂಪು ವರ್ಷ ಬಂದರೆ ರಸಕ್ಕೆ ಸಕ್ಕರೆ ಸೇರಿಸಿ ಆಲ್ಕೋಹಾಲ್ ಏರಿಸಲು ಅವಕಾಶವಿದೆ. ಒಂದು ಕಡೆ ಹುಳಿ ಹಾಕುತ್ತಾರೆ, ಇನ್ನೊಂದು ಕಡೆ ಸಿಹಿ. ನಡುವೆ ಕೂತು ನಾವು ಹವಾಮಾನವನ್ನು ಊಹಿಸಬೇಕು!

ಹೀಗೆಲ್ಲ ಕಳೆದ ಮೇಲೂ ಉಳಿಯುವುದು ಸಾಮಾನ್ಯವಾಗಿ ಮೂರು: ಹಣ್ಣು ಎಷ್ಟು ಕಳಿತಂತಿದೆ, ಮೆಣಸು ಅಥವಾ ಕ್ಯಾಪ್ಸಿಕಂ ಥರದ ಗುರುತಿನ ವಾಸನೆ, ಮತ್ತು ಒಗರಿನ ಸ್ವಭಾವ. ಇವು ನಿಮ್ಮ ಮೊದಲ ಊಹೆಯ ಹಾಳೆಗೆ ಹೊಂದಿದರೆ ಪ್ರದೇಶದ ಹೆಸರನ್ನು ಧೈರ್ಯವಾಗಿ ಬರೆಯಬಹುದು. ಹೊಂದದಿದ್ದರೆ ಬಾಟಲಿ ಸುಳ್ಳು ಹೇಳುತ್ತಿಲ್ಲ, ಊಹೆಯಲ್ಲಿ ಏನೋ ಬಿಟ್ಟುಹೋಗಿದೆ. ಎತ್ತರ ನೋಡಿದಿರಾ? ಆ ವರ್ಷದ ಮಳೆ? ಬೇಗ ಕೊಯ್ಯುವ ತಯಾರಕರೇ? ಬರೋಸಾದಲ್ಲೇ ಬೇಗ ಕೊಯ್ದು, ಹೊಸ ಓಕ್ ಬಿಟ್ಟು, ಹಗುರವಾದ ಶಿರಾಜ್ ಮಾಡುವವರಿದ್ದಾರೆ. ಅಂಥ ಬಾಟಲಿ ಸಿಕ್ಕರೆ ಎಂಥ ಅನುಭವಿಯೂ ಮುಗ್ಗರಿಸಬಹುದು.

ಇದನ್ನು ಬಗೆಹರಿಸಲು ಇರುವ ದಾರಿ ಒಂದೇ. ಮುಂದಿನ ಸಲ ಪ್ರತಿ ಪ್ರದೇಶದಿಂದ ಇಬ್ಬರು ತಯಾರಕರ ಬಾಟಲಿ ತನ್ನಿ. ರೋನ್‌ನ ಎರಡರ ನಡುವಿನ ಅಂತರಕ್ಕಿಂತ ರೋನ್ ಮತ್ತು ಬರೋಸಾ ನಡುವಿನ ಅಂತರ ದೊಡ್ಡದಾಗಿ ಕಂಡರೆ ಅದು ಪ್ರದೇಶ. ಒಂದೇ ಊರಿನ ಎರಡೇ ಹೆಚ್ಚು ಜಗಳವಾಡುತ್ತಿದ್ದರೆ ಅದು ಮನುಷ್ಯರ ಕೈಚಳಕ. ಖರ್ಚು ಜಾಸ್ತಿ, ಆದ್ದರಿಂದ ಐದಾರು ಜನ ಸೇರಿ ಹಂಚಿಕೊಳ್ಳಿ.

9. ಮಾರನೇ ದಿನ

ಉಳಿದ ವೈನನ್ನು ಸಣ್ಣ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ, ಗಾಳಿಗೆ ಜಾಗ ಬಿಡದೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮರುದಿನ ಅದೇ ತಾಪಮಾನಕ್ಕೆ ತಂದು ಮತ್ತೆ ನೋಡಿ. ಮೊದಲ ದಿನ ಮುಂದೆ ನಿಂತಿದ್ದ ಓಕ್ ಹಿಂದೆ ಸರಿದಿರಬಹುದು, ಮುದುಡಿಕೊಂಡಿದ್ದ ವೈನ್ ಬಿಚ್ಚಿಕೊಂಡಿರಬಹುದು. ಹೊಸ ಹಾಳೆಯಲ್ಲಿ ಬರೆಯಿರಿ, ಹಳೆಯದನ್ನು ನೋಡಬೇಡಿ. ಎರಡೂ ದಿನ ಬಂದ ಮಾತುಗಳಿಗೆ ಕೆಳಗೆ ಗೆರೆ ಎಳೆಯಿರಿ. ಮುಂದಿನ ಹೋಲಿಕೆಗೆ ಇನ್ನೂ ಸಣ್ಣ ಅಂತರ ಆರಿಸಿಕೊಳ್ಳಿ: ಸಿರಾ ಆದರೆ ಬರೋಸಾ ವ್ಯಾಲಿ ಮತ್ತು ಈಡನ್ ವ್ಯಾಲಿ, ಪಿನೋ ಆದರೆ ಬರ್ಗಂಡಿಯೊಳಗಿನ ಕೋತ್ ದ ನ್ವಿ ಮತ್ತು ಕೋತ್ ದ ಬೋನ್.